ಮರ ಹತ್ತದೆ ಮರ ಅಳೆದ ಕತೆ

ನಮ್ಮ ಗೋವಿಂದರಾಜನಗರದ ಬೀದಿಯ ಕೊನೆಯಲ್ಲಿ ಒಂದು ಖಾಲಿ ಸೈಟಿದೆ. ಅದರ ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಗೇಟಿಗೆ ತುಕ್ಕು ಹಿಡಿದ ಬೀಗ, ಸುತ್ತ ಎದೆಮಟ್ಟದ ಕಾಂಪೌಂಡು. ಒಳಗಿದ್ದದ್ದು ಒಂದೇ ಒಂದು ತೆಂಗಿನಮರ. ಯಾರೂ ನೀರು ಹಾಕದಿದ್ದರೂ ನೆಟ್ಟಗೆ ಬೆಳೆದು ನಿಂತಿತ್ತು. ಈ ಬೇಸಿಗೆಯಲ್ಲಿ ಚರಂಡಿಗೆಂದು ಅಗೆದಾಗ ಅದರ ಒಂದು ಪಕ್ಕದ ಬೇರು ಅರ್ಧಕ್ಕರ್ಧ ತುಂಡಾಯಿತು. ಏಪ್ರಿಲ್ ತಿಂಗಳ ಮೊದಲ ಮಳೆಗಾಳಿಗೆ ಮರ ತೂಗಿದ್ದು ನೋಡಿ ಬೀದಿಯವರಿಗೆಲ್ಲ ದಿಗಿಲು.

ಸೈಟಿನ ಎದುರಿಗೇ, ರಸ್ತೆಯ ಈಚೆ, ಹೂವಿನ ಅಜ್ಜಿಯ ಶೀಟಿನ ಮನೆ. ಬೆಳಗ್ಗೆ ಐದಕ್ಕೇ ಮಾರ್ಕೆಟ್ಟಿನಿಂದ ಹೂವು ತಂದು, ಮನೆ ಮುಂದೆ ಕೂತು ಕಟ್ಟಿ ಮಾರುತ್ತಾರೆ. ಮರ ಈ ಕಡೆ ಬಿದ್ದರೆ ಅವರ ಮನೆಗೆ ತಗಲುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. "ತಗಲಲ್ಲ, ರಸ್ತೆಗೇ ಬೀಳುತ್ತೆ" ಎಂದು ಒಬ್ಬರು. "ಶೀಟು ಪುಡಿಪುಡಿ" ಎಂದು ಇನ್ನೊಬ್ಬರು. ಮಾಲೀಕರಿಗೆ ಫೋನು ಮಾಡಿದರೆ, "ಅಷ್ಟು ಉದ್ದ ಇದೆಯೇನ್ರೀ ಆ ಮರ? ಸುಮ್ಮನೆ ಯಾಕೆ ಕಡಿಸೋದು?" ಅಂದರು.

ಅದೇ ವಾರ ನನ್ನ ಮೊಮ್ಮಗಳು ಮುಖ ಊದಿಸಿಕೊಂಡು ಮನೆಗೆ ಬಂದಿದ್ದಳು. ಹತ್ತನೇ ತರಗತಿಗೆ ಹೋಗುವವಳು. ಬೇಸಿಗೆ ಕ್ಲಾಸಿನಲ್ಲಿ ತ್ರಿಕೋನಮಿತಿಯ ಕಿರುಪರೀಕ್ಷೆ, ಇಪ್ಪತ್ತಕ್ಕೆ ಏಳು.

"ತಾತ, ನಂಗೆ ಗಣಿತ ಎಲ್ಲಾ ಬರುತ್ತೆ, ಇದೊಂದು ಬರಲ್ಲ. ಸೈನು, ಕಾಸು, ಟ್ಯಾನು ಅಂತ ಬಾಯಿಪಾಠ ಮಾಡಿ ಸಾಕಾಯ್ತು. ಇದು ಎಲ್ಲಿಂದ ಬಂತು, ಯಾಕೆ ಬಂತು ಅಂತಾನೇ ಗೊತ್ತಿಲ್ಲ."

ನಾನು ಓದಿದ್ದು ಐ.ಟಿ.ಐ. ಮಾಗಡಿ ರಸ್ತೆಯ ವರ್ಕ್‌ಶಾಪುಗಳಲ್ಲಿ ಮೂವತ್ತು ವರ್ಷ ಟರ್ನರ್ ಆಗಿದ್ದವನು. ಲೇತಿನಲ್ಲಿ ಶಾಫ್ಟಿನ ತುದಿಯನ್ನು ಇಳಿಜಾರಾಗಿ ಕೊರೆಯಬೇಕಾದರೆ ಕೋನ ಎಷ್ಟಿಡಬೇಕು ಎಂದು ಗೋಡೆಗೆ ಅಂಟಿಸಿದ ಕೋಷ್ಟಕ ನೋಡುತ್ತಿದ್ದೆವು. ದೊಡ್ಡ ವ್ಯಾಸದಲ್ಲಿ ಚಿಕ್ಕ ವ್ಯಾಸ ಕಳೆದು, ಅರ್ಧ ಮಾಡಿ, ಉದ್ದದಿಂದ ಭಾಗಿಸಿ, ಆ ಸಂಖ್ಯೆ ಕೋಷ್ಟಕದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ಹುಡುಕುವುದು. ಆ ಕೋಷ್ಟಕದ ಹೆಸರೇ ಟ್ಯಾನ್ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹಾಗಾಗಿ ಅವಳ ಸಂಕಟ ನನಗೆ ಅರ್ಥವಾಯಿತು. ಅವಳಿಗೆ ಹೆಸರು ಗೊತ್ತು, ಕೆಲಸ ಗೊತ್ತಿಲ್ಲ. ನನಗೆ ಕೆಲಸ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.

"ಬಾ ಪುಟ್ಟಿ, ಆ ತೆಂಗಿನಮರ ಅಳೆಯೋಣ" ಅಂದೆ.

ಮೊದಲು ಹೊಳೆದದ್ದು ನೆರಳಿನ ಉಪಾಯ. ಒಂದು ಮೀಟರಿನ ಕೋಲು ನೆಟ್ಟು ಅದರ ನೆರಳು ಅಳೆಯಿರಿ. ಅದೇ ಹೊತ್ತಿಗೆ ಮರದ ನೆರಳನ್ನೂ ಅಳೆಯಿರಿ. ಕೋಲಿಗೂ ಅದರ ನೆರಳಿಗೂ ಇರುವ ಅನುಪಾತವೇ ಮರಕ್ಕೂ ಅದರ ನೆರಳಿಗೂ ಇರುತ್ತದೆ. ಎರಡು ತ್ರಿಭುಜಗಳೂ ಸಮರೂಪ, ಒಂದು ಚಿಕ್ಕದು, ಒಂದು ದೊಡ್ಡದು, ಅಷ್ಟೆ. ನಮ್ಮ ನಾಡಿನಲ್ಲಿ ಇದು ಹಳೆಯ ಲೆಕ್ಕ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಲ್ಲಿ ನೆರಳಿನ ಲೆಕ್ಕಗಳಿಗೇ ಒಂದು ಅಧ್ಯಾಯವಿದೆ.

ಆದರೆ ನಮಗೆ ಅದು ಒದಗಲಿಲ್ಲ. ಮರದ ನೆರಳು ಕಾಂಪೌಂಡಿನ ಮೇಲೆ ಹತ್ತಿ, ಆಚೆ ಇಳಿದು, ಚರಂಡಿಯಲ್ಲಿ ಬಿದ್ದು, ರಸ್ತೆಯಲ್ಲಿ ನಿಂತ ಆಟೋದ ಮೇಲೆ ಮಡಚಿಕೊಂಡಿತ್ತು. ನೆರಳು ಮರದ ಬುಡದಿಂದ ಶುರುವಾಗಬೇಕು. ಬುಡ ಇರುವುದು ಬೀಗದ ಆಚೆ.

"ಹಾಗಾದ್ರೆ ಕೋನ ಅಳೀಬೇಕು ತಾತ" ಎಂದು ಅವಳೇ ಅಂದಳು.

ಉಪಕರಣ ಮಾಡಲು ಹತ್ತು ನಿಮಿಷ ಸಾಕಾಯಿತು. ಮಕ್ಕಳೇ, ನೀವೂ ಮಾಡಿಕೊಳ್ಳಬಹುದು. ಜಾಮಿಟ್ರಿ ಬಾಕ್ಸಿನ ಕೋನಮಾಪಕ ತೆಗೆದುಕೊಳ್ಳಿ. ಅದರ ನೇರ ಅಂಚಿಗೆ ಎಳನೀರು ಕುಡಿಯುವ ಸ್ಟ್ರಾ ಅಂಟಿಸಿ. ನಡುಬಿಂದುವಿನಿಂದ ಒಂದು ದಾರ ಇಳಿಬಿಟ್ಟು, ತುದಿಗೆ ಒಂದು ನಟ್ಟು ಕಟ್ಟಿ. ಸ್ಟ್ರಾ ಮಟ್ಟಸವಾಗಿದ್ದರೆ ದಾರ 90ರ ಗೆರೆಯ ಮೇಲೆ ನಿಲ್ಲುತ್ತದೆ. ಸ್ಟ್ರಾದ ಮೂಲಕ ಮರದ ಸುಳಿಯನ್ನು ನೋಡಿದರೆ ದಾರ ಜರುಗುತ್ತದೆ. 90ರಿಂದ ಎಷ್ಟು ಜರುಗಿತೋ ಅಷ್ಟೇ ಪುಸ್ತಕದಲ್ಲಿ ಹೇಳುವ ಉನ್ನತ ಕೋನ. ನೋಡುವವರು ಒಬ್ಬರು, ದಾರ ಓದುವವರು ಇನ್ನೊಬ್ಬರು ಇರಬೇಕು. ಸ್ಟ್ರಾದಲ್ಲಿ ಸೂರ್ಯನನ್ನು ಮಾತ್ರ ಯಾವತ್ತೂ ನೋಡಬಾರದು.

ಅವಳು ಹೂವಿನ ಅಜ್ಜಿಯ ಮನೆಯ ಮುಂಗೋಡೆಯ ಮೂಲೆಗೆ ಬೆನ್ನು ತಾಗಿಸಿ ನಿಂತು ನೋಡಿದಳು. ನಾನು ದಾರ ಓದಿದೆ. 45 ಡಿಗ್ರಿ. ಇನ್ನೆರಡು ಸಲ ನೋಡಿದೆವು, ಒಮ್ಮೆ 46, ಒಮ್ಮೆ 45. ಅಲ್ಲಿಂದ ಗಲ್ಲಿಯೊಳಗೆ ನೇರ ಹಿಂದಕ್ಕೆ ಎಂಟು ಮೀಟರ್ ಟೇಪು ಹಿಡಿದು ಹೋಗಿ ಮತ್ತೆ ನೋಡಿದಳು. ಈಗ 30 ಡಿಗ್ರಿ.

ಅಜ್ಜಿ ಹೂವು ಕಟ್ಟುತ್ತಲೇ ಕೇಳಿದರು, "ಏನ್ ಮಗಾ, ಮರಕ್ಕೆ ಗುರಿ ಇಡ್ತಿದ್ಯಾ?"

ಗುರಿ ಎಂದಾಗ ಒಂದು ಮಾತು ನೆನಪಾಗುತ್ತದೆ. ಸೈನ್ ಎಂಬ ಹೆಸರು ಹುಟ್ಟಿದ್ದೇ ಬಿಲ್ಲಿನಿಂದ. ವೃತ್ತದ ಒಂದು ತುಂಡು ಬಿಲ್ಲಿನ ಹಾಗೆ, ಅದರ ಎರಡು ತುದಿ ಸೇರಿಸುವ ಗೆರೆ ಹೆದೆಯ ಹಾಗೆ. ಸಂಸ್ಕೃತದಲ್ಲಿ ಹೆದೆಗೆ ಜ್ಯಾ ಎನ್ನುತ್ತಾರೆ. ಪೂರ್ತಿ ಹೆದೆಗಿಂತ ಅರ್ಧ ಹೆದೆ ಲೆಕ್ಕಕ್ಕೆ ಅನುಕೂಲ ಎಂದು ಕಂಡು, 499ರಲ್ಲಿ ಆರ್ಯಭಟರು ಅರ್ಧ ಹೆದೆಗಳ 24 ಬೆಲೆಗಳನ್ನು ಕೊಟ್ಟರು. ಜ್ಯಾ ಜೀವಾ ಎಂದಾಯಿತು, ಅರಬರ ಬಾಯಲ್ಲಿ ಜೀಬ ಎಂದಾಯಿತು. ಅರಬ್ಬಿಯಲ್ಲಿ ಸ್ವರಗಳನ್ನು ಬರೆಯದೆ ಬಿಡುವ ರೂಢಿಯಿದೆ. ಅದನ್ನು ಓದಿದವರು ಜೈಬ್ ಎಂದುಕೊಂಡರು, ಅಂದರೆ ಬಟ್ಟೆಯ ಮಡಿಕೆ, ಮಡಿಲು. ಲ್ಯಾಟಿನ್ನಿಗೆ ತಂದವರು ಅದೇ ಅರ್ಥದ ಸೈನಸ್ ಎಂಬ ಪದ ಹಾಕಿದರು. ಹೀಗೆ ನಮ್ಮ ಬಿಲ್ಲಿನ ಹೆದೆ ಊರೆಲ್ಲ ಸುತ್ತಿ, ಹೆಸರು ಕೆಡಿಸಿಕೊಂಡು, ಹತ್ತನೇ ಕ್ಲಾಸಿನ ಪುಸ್ತಕಕ್ಕೆ ಹಿಂತಿರುಗಿದೆ. ಇದು ಹೇಳಿದ ಮೇಲೆ ನನ್ನ ಮೊಮ್ಮಗಳು ಸೈನ್ ಎಂದಾಗಲೆಲ್ಲ ಒಂದು ಕಣ್ಣು ಮುಚ್ಚಿ ಬಾಣ ಬಿಡುತ್ತಾಳೆ!

ಇರಲಿ, ನಮ್ಮ ಲೆಕ್ಕಕ್ಕೆ ಬರೋಣ. ಜಗಲಿಯ ಮೇಲೆ ಕೂತು ಅವಳೇ ಮಾಡಿದಳು. ಕಣ್ಣಿನ ಮಟ್ಟದಿಂದ ಸುಳಿಯವರೆಗಿನ ಎತ್ತರ ಎ ಎಂದಿರಲಿ. ಟ್ಯಾನ್ ಎಂದರೆ ಎತ್ತರವನ್ನು ದೂರದಿಂದ ಭಾಗಿಸಿದ್ದು. ಟ್ಯಾನ್ 45 ಅಂದರೆ 1. ಆದ್ದರಿಂದ ಅಜ್ಜಿಯ ಗೋಡೆಯಿಂದ ಮರಕ್ಕೆ ಇರುವ ದೂರವೂ ಎ. ಹಿಂದೆ ಸರಿದ ಮೇಲೆ ದೂರ ಎ + 8. ಟ್ಯಾನ್ 30 ಎಂದರೆ 1ನ್ನು √3ರಿಂದ ಭಾಗಿಸಿದ್ದು. ಅಂದರೆ ಎ + 8 ಎಂಬುದು 1.732 ಎ. ಎರಡೂ ಕಡೆ ಎ ಕಳೆದರೆ 0.732 ಎ = 8. ಎ ಸುಮಾರು 10.9 ಮೀಟರ್. ಅವಳ ಕಣ್ಣು ನೆಲದಿಂದ 1.4 ಮೀಟರ್ ಮೇಲಿದೆ. ಒಟ್ಟು ಮರ 12.3 ಮೀಟರ್.

ಇಲ್ಲಿ ಅವಳು ಪೆನ್ನು ಕೆಳಗಿಟ್ಟು, "ತಾತ, ಇದರಲ್ಲಿ ತ್ರಿಕೋನಮಿತಿ ಎಲ್ಲಿದೆ? ಇದು ಎಂಟನೇ ಕ್ಲಾಸಿನ ಸಮೀಕರಣ" ಅಂದಳು.

ನಿಜ. ಇದನ್ನು ಬೇರೆ ಊರಿನ ವಿಷಯವೆಂದು ತಿಳಿದದ್ದೇ ಅವಳ ತೊಡಕಾಗಿತ್ತು. ಅಧ್ಯಾಯಗಳು ಬೇರೆ ಬೇರೆ ಇರುವುದು ಅಚ್ಚು ಹಾಕುವವರ ಅನುಕೂಲಕ್ಕೆ. ಟ್ಯಾನ್ ಎಂಬುದು ಅನುಪಾತ, ಅದು ಏಳನೇ ಕ್ಲಾಸಿನದು. ಮರ ದೊಡ್ಡದಾದರೂ ಕೋನಮಾಪಕ ಅಂಗೈಯಷ್ಟಿದ್ದರೂ ಉತ್ತರ ಸರಿಬರುವುದು ಸಮರೂಪ ತ್ರಿಭುಜಗಳಿಂದ, ಅದು ರೇಖಾಗಣಿತ. ಆ √3 ಎಲ್ಲಿಂದ ಬಂತು? ಪ್ರತಿ ಬಾಹುವೂ 2 ಇರುವ ಸಮಬಾಹು ತ್ರಿಭುಜವನ್ನು ನಡುವೆ ಸೀಳಿ. ಒಂದು ಬಾಹು 1, ವಿಕರ್ಣ 2, ಪೈಥಾಗೊರಸ್ ಪ್ರಕಾರ ಉಳಿದದ್ದು √3. ಸೈನ್ ವರ್ಗ ಕೂಡಿಸು ಕಾಸ್ ವರ್ಗ ಸಮ 1 ಎಂದು ಮಕ್ಕಳು ಉರು ಹೊಡೆಯುತ್ತಾರಲ್ಲ, ಅದು ವಿಕರ್ಣವನ್ನು 1 ಮಾಡಿ ಬರೆದ ಪೈಥಾಗೊರಸ್ ಪ್ರಮೇಯವೇ, ಬೇರೆ ಏನೂ ಅಲ್ಲ. ಮುಂದೆ ಪಿಯುಸಿಯಲ್ಲಿ ಸರಳರೇಖೆಯ ಇಳಿಜಾರು ಎಂದು ಬಂದಾಗ ಅದೂ ಟ್ಯಾನೇ. ಅದಕ್ಕೂ ಮುಂದೆ, ತೊಟ್ಟಿಲು ತೂಗುವುದಿರಲಿ, ವೀಣೆಯ ತಂತಿ ಮಿಡಿಯುವುದಿರಲಿ, ಮನೆಗೆ ಬರುವ ಕರೆಂಟಿರಲಿ, ಏರಿಳಿಯುವುದನ್ನೆಲ್ಲ ಬರೆಯುವುದು ಸೈನಿನಲ್ಲೇ. ಅದು ದೊಡ್ಡ ಕತೆ, ಈಗ ಬೇಡ.

ಮರ ಬೀಳುವ ಲೆಕ್ಕವೂ ಹೊಸದಲ್ಲ ಎಂದು ಅವಳಿಗೆ ಭಾಸ್ಕರಾಚಾರ್ಯರ ಬಿದಿರು ತೋರಿಸಿದೆ. 1150ರ ಲೀಲಾವತಿಯಲ್ಲಿ ಬರುವ ಲೆಕ್ಕ ಅದು. 32 ಮೊಳದ ಬಿದಿರು ಗಾಳಿಗೆ ನಡುವೆ ಮುರಿದು, ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗಿತು. ಎಷ್ಟು ಎತ್ತರದಲ್ಲಿ ಮುರಿಯಿತು? ಅಜ್ಜ ಅಜ್ಜಿಯರು ಮೊಮ್ಮಕ್ಕಳ ಜೊತೆ ಕೂತು ಮಾಡಿ ನೋಡಿ. ಪೈಥಾಗೊರಸ್ಸೂ ಬೇಕು, ಬೀಜಗಣಿತವೂ ಬೇಕು. ಉತ್ತರ 12 ಮೊಳ, ಮುರಿದ ತುಂಡು 20 ಮೊಳ. ಇಂಥ ಗಣಿತವನ್ನು ಕನ್ನಡದಲ್ಲೇ ಬರೆದವರೂ ಇದ್ದರು. 12ನೇ ಶತಮಾನದ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ನಮ್ಮ ಭಾಷೆಯಲ್ಲಿ ಕೊಟ್ಟ.

ಆದರೆ ನನಗೆ ಒಳಗೊಳಗೇ ಅನುಮಾನ. ನಟ್ಟು ಕಟ್ಟಿದ ದಾರ ಗಾಳಿಗೆ ಅಲ್ಲಾಡುತ್ತಿತ್ತು. ಎರಡನೇ ಕೋನ 30ರ ಬದಲು 31 ಇದ್ದಿದ್ದರೆ? ಅವಳು ಮತ್ತೆ ಲೆಕ್ಕ ಹಾಕಿದಳು. ಎ 12 ಮೀಟರ್ ದಾಟಿತು! ಒಂದೇ ಡಿಗ್ರಿಗೆ ಒಂದು ಮೀಟರಿಗಿಂತ ಹೆಚ್ಚು ವ್ಯತ್ಯಾಸ. ವರ್ಕ್‌ಶಾಪಿನಲ್ಲಿ ಹೀಗೆ ಅಳೆದಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು.

ನಾವು ಎಂಟು ಮೀಟರ್ ಟೇಪು ಹಿಡಿದು, ಎರಡು ಕೋನ ನೋಡಿ ಮಾಡಿದ ಕೆಲಸವನ್ನೇ ಇದೇ ಬೆಂಗಳೂರಿನ ನೆಲದ ಮೇಲೆ ಬಹಳ ದೊಡ್ಡದಾಗಿ ಮಾಡಿದ್ದಾರೆ. ಮಾಡಿದವನು ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಸೇನಾಧಿಕಾರಿ. 1799ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣಕ್ಕೆ ಬಂದ ಸೈನ್ಯದಲ್ಲಿದ್ದ. ಒಂದು ರಾತ್ರಿ ಅವನಿದ್ದ ತುಕಡಿ ದಾರಿ ತಪ್ಪಿ ಶತ್ರುವಿನ ಕಡೆಗೇ ನಡೆಯುತ್ತಿದ್ದುದನ್ನು ನಕ್ಷತ್ರ ನೋಡಿ ಹೇಳಿದವನು ಅವನೇ. ಯುದ್ಧ ಮುಗಿದ ಮೇಲೆ ಈ ದೇಶವನ್ನು ತ್ರಿಭುಜಗಳಿಂದ ಅಳೆಯುತ್ತೇನೆ ಎಂದು ಹೊರಟ. 1800ರ ಕೊನೆಯಲ್ಲಿ ಬೆಂಗಳೂರಿನ ಹತ್ತಿರ ಸುಮಾರು ಏಳೂವರೆ ಮೈಲಿ ಉದ್ದದ ಒಂದು ನೇರ ಗೆರೆಯನ್ನು ಸರಪಳಿಯಿಂದ ಅಳೆದ. ಅದು ಪ್ರಯೋಗದ ಅಳತೆ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಇನ್ನೊಂದು ಗೆರೆ ಅಳೆದು ಕೆಲಸ ಶುರುಮಾಡಿದ. ಮುಂದೆ ದೇಶವನ್ನೆಲ್ಲ ವ್ಯಾಪಿಸಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಇದೇ.

ಆ ಸರಪಳಿಯ ಕತೆ ಮಕ್ಕಳಿಗೆ ಇಷ್ಟವಾಗುತ್ತದೆ. ನೂರು ಅಡಿ ಉದ್ದ, ಉಕ್ಕಿನ 40 ಕೊಂಡಿ. ಚೀನಾದ ಚಕ್ರವರ್ತಿಗೆ ಕಾಣಿಕೆಯೆಂದು ಇಂಗ್ಲೆಂಡಿನಿಂದ ಹೋಗಿತ್ತು. ಚಕ್ರವರ್ತಿಗೆ ಬೇಡವಾಗಿ ಇಂಡಿಯಾಕ್ಕೆ ಬಂತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಅದನ್ನು ಮರದ ದೋಣಿಗಳಲ್ಲಿ ಮಲಗಿಸಿ, ನೆರಳು ಮಾಡಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ಅಳೆಯುತ್ತಿದ್ದರು.

ಒಂದು ಗೆರೆಯ ಉದ್ದ ಗೊತ್ತಾದ ಮೇಲೆ ಸರಪಳಿಗೆ ಕೆಲಸ ಕಡಿಮೆ. ಗೆರೆಯ ಎರಡು ತುದಿಯಲ್ಲಿ ನಿಂತು ದೂರದ ಒಂದು ಬೆಟ್ಟ ನೋಡಿ, ಎರಡು ಕೋನ ಅಳೆದರೆ, ಬೆಟ್ಟಕ್ಕೆ ಇರುವ ದೂರಗಳು ಲೆಕ್ಕದಲ್ಲೇ ಸಿಗುತ್ತವೆ. ಆ ದೂರವೇ ಮುಂದಿನ ತ್ರಿಭುಜಕ್ಕೆ ಹೊಸ ಗೆರೆ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ, ಗೋಪುರದಿಂದ ಗೋಪುರಕ್ಕೆ. ಕೋನ ಅಳೆಯುವ ಅವನ ಥಿಯೊಡೊಲೈಟ್ ಅರ್ಧ ಟನ್ ತೂಗುತ್ತಿತ್ತು. 36 ಅಂಗುಲ ಅಗಲದ ಚಕ್ರ. ಅಷ್ಟು ಭಾರದ್ದೇಕೆ ಎಂದು ಮೊದಲು ನನಗೂ ಅನ್ನಿಸಿತ್ತು. ನಮ್ಮ ಒಂದು ಡಿಗ್ರಿ ನೋಡಿದ ಮೇಲೆ ಅನ್ನಿಸಲಿಲ್ಲ. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಎತ್ತುವಾಗ ಹಗ್ಗ ಜಾರಿ ಅದು ಗೋಡೆಗೆ ಅಪ್ಪಳಿಸಿ, ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಸೇರಿಕೊಂಡು ವಾರಗಟ್ಟಲೆ ಕೂತು ತಾನೇ ರಿಪೇರಿ ಮಾಡಿದ. ಟರ್ನರ್ ಆಗಿದ್ದ ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆ ಜಾಗದಲ್ಲಿ. ಕಂಪನಿ ಸರ್ಕಾರಕ್ಕೆ ನಕ್ಷೆ ಬೇಕಾಗಿದ್ದದ್ದು ಆಳಲಿಕ್ಕೆ, ಕಂದಾಯ ಎತ್ತಲಿಕ್ಕೆ. ಅದನ್ನೂ ಮರೆಯಬಾರದು. ಆ ಅರ್ಧ ಟನ್ನನ್ನು ಬೆಟ್ಟದ ತಲೆಗೆ ಹೊತ್ತವರು, ಬಾವುಟ ಹಿಡಿದು ನಿಂತವರು ನಮ್ಮ ಜನವೇ. ಅವರ ಹೆಸರು ಲೆಕ್ಕದ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಮದರಾಸಿನಿಂದ ಬೆಂಗಳೂರಿಗೆ ತ್ರಿಭುಜಗಳು ತಲುಪಿದಾಗ, 1804ರಲ್ಲಿ, ಇಲ್ಲಿ ಮತ್ತೊಂದು ಗೆರೆಯನ್ನು ಸರಪಳಿಯಿಂದಲೇ ಅಳೆದು ನೋಡಿದರು. ಲೆಕ್ಕ ಹೇಳಿದ ಉದ್ದಕ್ಕೂ ಸರಪಳಿ ಹೇಳಿದ ಉದ್ದಕ್ಕೂ ವ್ಯತ್ಯಾಸ ಕೆಲವೇ ಅಂಗುಲ! ನಡುವೆ ಕೋನಗಳು, ಸೈನುಗಳು ಬಿಟ್ಟರೆ ಬೇರೇನೂ ಇರಲಿಲ್ಲ. ಇದೇ ಸರ್ವೇಕ್ಷಣೆಯ ಮುಂದಿನ ಭಾಗದಲ್ಲಿ, 1852ರಲ್ಲಿ, ರಾಧಾನಾಥ ಸಿಕ್ದಾರರ ಲೆಕ್ಕದಿಂದ ಜಗತ್ತಿನ ಅತಿ ಎತ್ತರದ ಶಿಖರ ಯಾವುದೆಂದು ತಿಳಿಯಿತು. ಆ ಶಿಖರವನ್ನೂ ಯಾರೂ ಹತ್ತಿರಲಿಲ್ಲ.

1868ರ ಹೊತ್ತಿಗೆ ಬೆಂಗಳೂರಿನಲ್ಲಿ ಮತ್ತೆ ಗೆರೆ ಅಳೆದರು. ಅದರ ಒಂದು ತುದಿ ಮೇಖ್ರಿ ವೃತ್ತದ ಬಳಿ, ಇನ್ನೊಂದು ಹೆಣ್ಣೂರು ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ. ಎರಡು ತುದಿಗೂ ಪುಟ್ಟ ವೀಕ್ಷಣಾ ಕಟ್ಟಡಗಳಿದ್ದವು. ಕಣ್ಣೂರಿನದನ್ನು 2024ರಲ್ಲಿ ಕೆಡವಿಬಿಟ್ಟರು. ಮೇಖ್ರಿ ವೃತ್ತದಲ್ಲಿ ಬಸ್ಸು ಸಿಗ್ನಲ್ಲಿಗೆ ನಿಂತಾಗ ಇನ್ನು ಮೇಲೆ ಮೊಬೈಲು ಕೆಳಗಿಟ್ಟು ಆಚೆ ನೋಡಿ.

ಈ ಕತೆಯೆಲ್ಲ ಕೇಳಿ ಮೊಮ್ಮಗಳು ಸುಮ್ಮನೆ ಕೂತಿದ್ದಳು. ಇದ್ದಕ್ಕಿದ್ದ ಹಾಗೆ, "ತಾತ, ಎರಡನೇ ಕೋನ ಬೇಡವೇ ಬೇಡ!" ಅಂದಳು.

"ಯಾಕೆ?"

"ನಮಗೆ ಬೇಕಾಗಿರೋದು ಮರ ಎಷ್ಟು ಉದ್ದ ಅಂತಲ್ಲ. ಅಜ್ಜಿ ಮನೆಗೆ ತಗಲುತ್ತಾ ಅಂತ. ಗೋಡೆ ಹತ್ರ ನಿಂತಾಗಲೇ 45 ಬಂತಲ್ಲ. ಕಣ್ಣಿಂದ ಮೇಲೆ ಎಷ್ಟು ಎತ್ತರವೋ ಅಷ್ಟೇ ದೂರ. ಅದರ ಮೇಲೆ ನನ್ನ ಕಣ್ಣಿನ ಎತ್ತರ ಬೇರೆ ಸೇರಬೇಕು. ದೂರ ಎಷ್ಟೇ ಇರಲಿ, ಮರ ಅದಕ್ಕಿಂತ ಒಂದು ಮೀಟರ್ ನಲವತ್ತು ಜಾಸ್ತಿ. ತಗಲೇ ತಗಲುತ್ತೆ!"

ನಾನು ಲೆಕ್ಕ ಹಾಕಿ ನೋಡಿದೆ. ದೂರ ಹನ್ನೊಂದು ಮೀಟರ್ ಎಂದಿಟ್ಟುಕೊಂಡು, ಕೋನ ಒಂದು ಡಿಗ್ರಿ ಕಡಿಮೆ, 44 ಎಂದೇ ಹಿಡಿದರೂ ಅವಳ ಮಾತು ನಿಲ್ಲುತ್ತಿತ್ತು. ಇಪ್ಪತ್ತಕ್ಕೆ ಏಳು ತಂದವಳು ಸಮೀಕರಣವನ್ನೇ ಹೊಡೆದುಹಾಕಿದ್ದಳು.

ಅವಳ ಚಿತ್ರವನ್ನು, ಕೋನಗಳ ಸಮೇತ, ಸೈಟಿನ ಮಾಲೀಕರಿಗೆ ಮೊಬೈಲಿನಲ್ಲಿ ಕಳಿಸಿದೆವು. ಸಂಜೆ ಫೋನು ಬಂತು. ಅವರೂ ಒಂದು ಕಾಲದಲ್ಲಿ ಗಣಿತ ಓದಿದವರಂತೆ. "ಮಗೂಗೆ ಹೇಳಿ, ಸರಿಯಾಗಿದೆ ಅಂತ. ಭಾನುವಾರ ಆಳು ಕಳಿಸ್ತೀನಿ" ಅಂದರು.

ಭಾನುವಾರ ಮರ ಹತ್ತುವವರು ಬಂದರು. ಮೊದಲು ಗರಿ, ಆಮೇಲೆ ಕಾಯಿ, ಆಮೇಲೆ ಮೇಲಿನಿಂದ ಒಂದೊಂದೇ ತುಂಡು ಹಗ್ಗ ಕಟ್ಟಿ ಇಳಿಸಿದರು. ಬೀದಿಯ ಮಕ್ಕಳೆಲ್ಲ ಸೇರಿದ್ದರು. ನೋಡಲು ಕಷ್ಟವಾಯಿತು. ಬೇರು ಕಡಿಯದಿದ್ದರೆ ಅದು ಇನ್ನೂ ಎಷ್ಟೋ ವರ್ಷ ನಿಲ್ಲುತ್ತಿತ್ತು. ಮೊಮ್ಮಗಳು ತುಂಡುಗಳನ್ನು ಸಾಲಾಗಿ ಇಡಿಸಿ ಟೇಪು ಹಿಡಿದಳು. ನೆಲದಲ್ಲಿ ಉಳಿದ ಬೊಡ್ಡೆಯನ್ನೂ ಸೇರಿಸಿ 11 ಮೀಟರ್ 95 ಸೆಂಟಿಮೀಟರ್. ಗೇಟು ತೆರೆದಿದ್ದರಿಂದ ಬುಡಕ್ಕೂ ಅಜ್ಜಿಯ ಗೋಡೆಗೂ ಇರುವ ದೂರವನ್ನೂ ಹಿಡಿದಳು. 10 ಮೀಟರ್ 60.

"ಲೆಕ್ಕದಲ್ಲಿ 12.3 ಬಂದಿತ್ತು. ಮೂವತ್ತೈದು ಸೆಂಟಿಮೀಟರ್ ತಪ್ಪಿದ್ದೀವಿ ತಾತ. ಎರಡನೇ ಕೋನ ಅರ್ಧ ಡಿಗ್ರಿ ಜಾಸ್ತಿ ಓದಿದ್ದೀರ ನೀವು."

ಹೌದು, ದಾರ ಓದಿದವನು ನಾನೇ.

ಗರಿಗಳನ್ನೆಲ್ಲ ಅಜ್ಜಿ ಪೊರಕೆಗೆಂದು ಎತ್ತಿಟ್ಟುಕೊಂಡರು. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಮೊಮ್ಮಗಳನ್ನು ಕರೆದರು. ಇಷ್ಟು ವರ್ಷ ಆ ಹೊತ್ತಿಗೆ ಸರಿಯಾಗಿ ಗರಿಗಳ ನೆರಳು ರಸ್ತೆ ದಾಟಿ ಅವರ ಬುಟ್ಟಿಯ ಮೇಲೆ ಬೀಳುತ್ತಿತ್ತು. ಈಗ ಕನಕಾಂಬರ ಬಾಡುತ್ತಿತ್ತು.

"ಮರ ಅಳೆದ್ಯಲ್ಲ ಮಗಾ, ಈಗ ಹೇಳು, ಒಂಬತ್ತರಿಂದ ಹನ್ನೊಂದರ ತನಕ ಬುಟ್ಟಿ ಮ್ಯಾಲೆ ನೆಳ್ಳು ಬೀಳ್ಬೇಕು ಅಂದ್ರೆ ಛತ್ರಿ ಎಲ್ಲಿ ನೆಡ್ಲಿ, ಕಂಬ ಎಷ್ಟುದ್ದ ಇರ್ಲಿ?"

ಅವಳು ಒಂದು ಮೀಟರಿನ ಕೋಲು ತರಲು ಮನೆಗೆ ಓಡಿದಳು.